ಬಿದ್ದ ಮರ ಬಿದ್ದಲ್ಲೇ ಇರಲಿ

ಆರಿದ್ರಾ ಮಳೆ ಎರಡು ದಿನ ಜಡಿದು ಮೂರನೆಯ ದಿನ ಬಿಸಿಲು ಇಣುಕಿತೆಂದರೆ ನನ್ನ ಕಾಲು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಕಡೆಗೆ ಹೊರಡುತ್ತದೆ. ಮನೆಯಲ್ಲಿ ವಾಕಿಂಗ್ ಅಂತ ಹೇಳಿ ಹೋಗುತ್ತೇನೆ. ನಡೆಯುವುದು ಅರ್ಧ ಕಿಲೋಮೀಟರೂ ಇಲ್ಲ. ದಾರಿ ಬಿಟ್ಟು ಇಪ್ಪತ್ತು ಹೆಜ್ಜೆ ಒಳಗೆ, ಲಂಟಾನದ ಪೊದೆಯ ಮಗ್ಗುಲಲ್ಲಿ ಒಂದು ದಿಮ್ಮಿ ಬಿದ್ದಿದೆ. ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತರೆ ಅಂದಿನ ವ್ಯಾಯಾಮ ಮುಗಿದಂತೆ.

ಒಮ್ಮೆ ಹಾಗೆ ಕೂತಿದ್ದಾಗ ಕುತ್ತಿಗೆಗೆ ಐಡಿ ಕಾರ್ಡು ನೇತುಹಾಕಿಕೊಂಡಿದ್ದ ಹುಡುಗನೊಬ್ಬ ಬಂದು ನಿಂತ.

‘ಅಂಕಲ್, ಏನಾದ್ರೂ ಕಳ್ಕೊಂಡ್ರಾ?’

‘ಇಲ್ಲಪ್ಪ, ಅಣಬೆ ನೋಡ್ತಿದೀನಿ.’

‘ತಿನ್ನೋದಾ?’

‘ಅಲ್ಲ.’

‘ಮತ್ತೆ?’

ಆ ‘ಮತ್ತೆ’ಗೆ ಅವತ್ತು ನನ್ನಲ್ಲಿ ಚುಟುಕು ಉತ್ತರ ಇರಲಿಲ್ಲ. ಅವನಿಗೆ ಕ್ಲಾಸಿಗೆ ಹೊತ್ತಾಗಿತ್ತು. ಅವನ ವಯಸ್ಸಿನವರಿಗೆಲ್ಲ ಆ ಉತ್ತರವನ್ನು ಈಗ ಬಿಡುವಾಗಿ ಹೇಳುತ್ತಿದ್ದೇನೆ.

ಮೊದಲು ಅಲ್ಲಿ ಏನಿತ್ತು ಎಂದು ಹೇಳಬೇಕು. ದಿಮ್ಮಿಯ ಮೇಲ್ಮಗ್ಗುಲಲ್ಲಿ, ಬಿಸಿಲು ಬೀಳುವ ಕಡೆ, ಕುಂಕುಮಕ್ಕೂ ಕಿತ್ತಳೆಗೂ ನಡುವಿನ ಬಣ್ಣದ ಚಪ್ಪಟೆ ಬಿಲ್ಲೆಗಳು. ಅದು ಪಿಕ್ನೊಪೊರಸ್. ಮರಗಳ ನೆರಳು ತೆರವಾಗಿ ಬಿಸಿಲು ನುಗ್ಗಿದ ಜಾಗದ ಒಣಕಟ್ಟಿಗೆ ಅದಕ್ಕೆ ಇಷ್ಟ. ಪಕ್ಕದ ಸಣ್ಣ ಕೊಂಬೆಯ ಮೇಲೆ ಬೆರಳುಗುರಿನಷ್ಟು ದೊಡ್ಡ ಬೂದುಬಿಳಿ ಬೀಸಣಿಗೆಗಳು. ಮಗುಚಿ ನೋಡಿದರೆ ಅಡಿಯ ಪದರಗಳು ಉದ್ದಕ್ಕೆ ಸೀಳಿರುತ್ತವೆ. ಅದು ಸ್ಕಿಜೋಫಿಲಮ್. ಬೇಸಿಗೆಯಲ್ಲಿ ಮುದುಡಿ ಸತ್ತಂತೆ ಬಿದ್ದಿದ್ದು, ನಾಲ್ಕು ಹನಿ ಬಿದ್ದರೆ ಮತ್ತೆ ಬಿಚ್ಚಿಕೊಳ್ಳುವ ಗಟ್ಟಿ ಜೀವ. ನಮ್ಮಲ್ಲಿ ಗಂಡು ಹೆಣ್ಣು ಎಂದು ಎರಡೇ ಬಗೆ, ಈ ಒಂದು ಅಣಬೆಯಲ್ಲಿ ಪರಸ್ಪರ ಕೂಡಬಲ್ಲ ಇಪ್ಪತ್ತು ಸಾವಿರಕ್ಕೂ ಮಿಗಿಲಾದ ಬಗೆಗಳಿವೆ. ಇದ್ದಿಲ ಉಂಡೆಯಂಥದ್ದು ಇನ್ನೊಂದಿತ್ತು. ಅದನ್ನು ಎರಡಾಗಿ ಮುರಿದರೆ ಒಳಗೆ ಈರುಳ್ಳಿಯಂತೆ ಸುತ್ತುಸುತ್ತಾದ ಬಳೆಗಳು. ಅದು ಡಾಲ್ಡಿನಿಯಾ. ತಳದಲ್ಲಿ, ನೆಲ ತಾಗುವ ತಂಪಿನಲ್ಲಿ, ಹಿಡಿದರೆ ಮಗುವಿನ ಕಿವಿಯಂತೆ ಮೆತ್ತಗಿರುವ ಕಂದು ಕಿವಿಯಣಬೆಗಳು. ಒಂದು ದಿಮ್ಮಿ, ನಾಲ್ಕು ಸಂಸಾರ. ಬಿಸಿಲು, ನೆರಳು, ಕಟ್ಟಿಗೆಯ ದಪ್ಪ, ನೆಲದ ತೇವ ಇವುಗಳ ಮೇಲೆ ಯಾರು ಎಲ್ಲಿ ಇಳಿದುಕೊಳ್ಳಬೇಕೆಂಬುದು ತೀರ್ಮಾನವಾಗಿತ್ತು.

ಇವರೆಲ್ಲ ಅಲ್ಲಿ ಮಾಡುತ್ತಿದ್ದ ಕೆಲಸವೇನು? ಮನೆ ಕಟ್ಟುವುದನ್ನು ನೋಡದ ಬೆಂಗಳೂರಿಗರಿಲ್ಲ. ಕಟ್ಟಿಗೆಯನ್ನು ಆರ್‌ಸಿಸಿ ಅಂತ ತಿಳಿಯಿರಿ. ಅದರೊಳಗಿನ ಸೆಲ್ಯುಲೋಸು ಕಬ್ಬಿಣದ ಸರಳು, ಲಿಗ್ನಿನ್ನು ಅದನ್ನು ಸುತ್ತಿ ಹಿಡಿದ ಸಿಮೆಂಟು. ಸರಳನ್ನು ತಿನ್ನಬಲ್ಲ ಜೀವಿಗಳು ಬಹಳ ಇವೆ. ಆ ಸಿಮೆಂಟನ್ನು ಪೂರ್ತಿ ಕರಗಿಸಬಲ್ಲವರು ಮಾತ್ರ ವಿರಳ. ಅವರಲ್ಲಿ ಮುಖ್ಯರು ಬಿಳಿಕೊಳೆಯ ಅಣಬೆಗಳು. ಅವು ಸಿಮೆಂಟನ್ನೂ ಸರಳನ್ನೂ ತಿಂದು ಕಟ್ಟಿಗೆಯನ್ನು ಬಿಳಿಚಿದ ನಾರಾಗಿಸುತ್ತವೆ. ನನ್ನ ದಿಮ್ಮಿಯ ಕೆಂಪು ಬಿಲ್ಲೆ ಇದೇ ಗುಂಪಿನದು. ಇನ್ನೊಂದು ಗುಂಪು ಕಂದುಕೊಳೆಯವರದು. ಇವರು ಜಾಣತನದಿಂದ ಸರಳನ್ನಷ್ಟೇ ಎಳೆದುಕೊಂಡು ಸಿಮೆಂಟನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟು ಹೋಗುತ್ತಾರೆ. ಆಗ ಕಟ್ಟಿಗೆ ಕಂದು ಬಣ್ಣಕ್ಕೆ ತಿರುಗಿ, ಬೆಲ್ಲದ ಅಚ್ಚು ಒಡೆದ ಹಾಗೆ ಚೌಕಚೌಕವಾಗಿ ಬಿರಿಯುತ್ತದೆ. ಬೆರಳಲ್ಲಿ ಒತ್ತಿದರೆ ಪುಡಿ.

ಕಂದುಕೊಳೆಯವರ ಮುಖ್ಯ ಠಿಕಾಣಿ ಪೈನ್, ಸ್ಪ್ರೂಸ್, ದೇವದಾರುಗಳಂಥ ಶಂಕುಮರಗಳು. ನಮ್ಮ ಕಡೆಯವರಿಗೆ ಶಂಕುಮರವೆಂದರೆ ಊಟಿಯ ಪೈನ್ ತೋಪು, ಅಲ್ಲಿ ಚಿತ್ರೀಕರಣವಾದ ಹಾಡುಗಳು. ಮನೆಗೆ ಹತ್ತಿರದಲ್ಲಿ ಬೇಕೆಂದರೆ ಲಾಲ್‌ಬಾಗಿನ ಅರಾಕೇರಿಯಾ, ಅಂದರೆ ಜನ ಕ್ರಿಸ್‌ಮಸ್ ಮರ ಎನ್ನುವುದು. (ಸರ್ವೆ ಮರವನ್ನು ತೋರಿಸಿ ‘ಇದು ಪೈನ್’ ಎನ್ನುವವರನ್ನು ನಾನು ಕಬ್ಬನ್ ಪಾರ್ಕಿನಲ್ಲೂ ಕಾರವಾರದಲ್ಲೂ ತಿದ್ದಿದ್ದೇನೆ. ಸೂಜಿಯಂತೆ ಕಂಡರೂ ಅದು ಹೂಬಿಡುವ ಮರ. ತಿದ್ದಿದ್ದಕ್ಕೆ ಯಾರೂ ಕೃತಜ್ಞತೆ ಹೇಳಿಲ್ಲ.) ಶಂಕುಮರದ ಕಟ್ಟಿಗೆಯಲ್ಲಿ ನೀರು ಹರಿಯಲು ಹಲಸು, ಬೇವುಗಳಲ್ಲಿರುವಂಥ ಅಗಲ ನಾಳಗಳಿಲ್ಲ. ಸಣ್ಣ ಸಣ್ಣ ಕೊಳವೆಕೋಶಗಳು, ಅವುಗಳ ಗೋಡೆಯಲ್ಲಿ ಪುಟ್ಟ ಕಿಂಡಿಗಳು, ಅಷ್ಟೇ.

ಇಲ್ಲಿ ಒಬ್ಬ ಕನ್ನಡಿಗರನ್ನು ನೆನೆಯದೆ ಮುಂದೆ ಹೋಗಲಾರೆ. ‘ಹಸುರು ಹೊನ್ನು’ ಬರೆದು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಬಿ.ಜಿ.ಎಲ್. ಸ್ವಾಮಿಯವರನ್ನು ನೀವು ಪಠ್ಯದಲ್ಲಿ ನಗೆಬರಹಗಾರರಾಗಿ ಓದಿರುತ್ತೀರಿ. ಅದೇ ಸ್ವಾಮಿ ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿ ಎಂಬ ಕಟ್ಟಿಗೆ ಪಂಡಿತರ ಜೊತೆ ಕೆಲಸ ಮಾಡಿದರು. ಹೂಬಿಡುವ ಗಿಡವಾಗಿಯೂ ಶಂಕುಮರಗಳ ಹಾಗೆ ಕಟ್ಟಿಗೆಯಲ್ಲಿ ನಾಳವಿಲ್ಲದ ಸಾರ್ಕಾಂಡ್ರ ಎಂಬ ಗಿಡದ ಬಗ್ಗೆ 1950ರಲ್ಲಿ ಇಬ್ಬರೂ ಸೇರಿ ಪ್ರಬಂಧ ಬರೆದರು. ನಮ್ಮ ಪಶ್ಚಿಮ ಘಟ್ಟದ ಒಂದು ಸಾರ್ಕಾಂಡ್ರಕ್ಕೆ ಸ್ವಾಮಿ ಆ ಗುರುವಿನ ಹೆಸರನ್ನೇ ಇಟ್ಟರು. ಮುಂದೆ ಬೇರೆಯವರು ಅದರ ಬೇರನ್ನು ಕೊಯ್ದು ನೋಡಿ ನಾಳಗಳನ್ನು ಕಂಡರು ಅನ್ನಿ. ಅದರಿಂದ ಸ್ವಾಮಿ ಸಣ್ಣವರಾಗಲಿಲ್ಲ. ಸೆಂಟ್ರಲ್ ಕಾಲೇಜಿನ ಹುಡುಗನೊಬ್ಬ ಒಂದು ತುಂಡು ಕಟ್ಟಿಗೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟುಕೊಂಡು ಎಲ್ಲಿಗೆ ಹೋಗಿ ಮುಟ್ಟಿದ ನೋಡಿ. ಆ ಸೆಂಟ್ರಲ್ ಕಾಲೇಜಿನಿಂದಲೇ 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿತು. 1973ರಲ್ಲಿ ಅದಕ್ಕೆ ಇಲ್ಲಿ ಸುಮಾರು 1,100 ಎಕರೆ ನೆಲ ಸಿಕ್ಕಿ ಜ್ಞಾನಭಾರತಿಯಾಯಿತು.

ಈಗ ವಿಷಯಕ್ಕೆ ಬರೋಣ. ಕಾಡನ್ನು ‘ನಿರ್ವಹಿಸುವ’ ಮನುಷ್ಯನ ಕೈ ಈ ಅಣಬೆಗಳಿಗೆ ಏನು ಮಾಡುತ್ತದೆ? ಇದನ್ನು ಹಟಹಿಡಿದು ಅಳೆದವರು ಶಂಕುಮರಗಳ ನಾಡಿನವರು, ಅಂದರೆ ಫಿನ್ಲೆಂಡ್ ಮತ್ತು ಸ್ವೀಡನ್ನಿನವರು. ಅಲ್ಲಿ ಕಾಡು ಎಂದರೆ ಕಾಗದ, ಹಲಗೆ, ರಫ್ತು. ಮರ ಮುದಿಯಾಗುವ ಮೊದಲೇ ಕಡಿಯುವುದು, ಬಿದ್ದದ್ದನ್ನು ಎತ್ತುವುದು, ಒಣಗಿದ್ದನ್ನು ತೆಗೆಯುವುದು, ಹೀಗೆ ತಲೆಮಾರುಗಳ ಕಾಲ ಅಚ್ಚುಕಟ್ಟಾಗಿ ನಡೆಸಿದರು. ಹೊರಗಿನವರಿಗೆ ಅದು ಹಸಿರು ಸಮುದ್ರ. ಲೆಕ್ಕ ಹಾಕಿದಾಗ ತಿಳಿದದ್ದು ಬೇರೆ. ಕೈ ಹಾಕದ ಹಳೆಯ ಕಾಡಿನಲ್ಲಿ ಹೆಕ್ಟೇರಿಗೆ 60ರಿಂದ 120 ಘನಮೀಟರಿನಷ್ಟು ಸತ್ತ ಮರ ಇರುತ್ತಿತ್ತು. ದಕ್ಷಿಣ ಫಿನ್ಲೆಂಡಿನ ನಿರ್ವಹಿತ ಕಾಡಿನಲ್ಲಿ ಅದು 10ಕ್ಕೂ ಕೆಳಗೆ ಇಳಿದಿತ್ತು. ಆ ದೇಶದ ಕಾಡಿನ ಜೀವಿಗಳಲ್ಲಿ ನಾಲ್ಕರಿಂದ ಐದು ಸಾವಿರ ಬಗೆಯವು, ಅಂದರೆ ಹೆಚ್ಚುಕಡಿಮೆ ಕಾಲುಭಾಗ, ಸತ್ತ ಮರವನ್ನೇ ನೆಚ್ಚಿಕೊಂಡಿವೆ. ಮನೆ ಕೆಡವಿದ ಮೇಲೆ ಬಾಡಿಗೆದಾರರು ಎಲ್ಲಿಗೆ ಹೋಗಬೇಕು?

ಎಲ್ಲ ಅಣಬೆಗಳೂ ಒಂದೇ ಸಮ ಕಷ್ಟಪಟ್ಟವೆಂದೂ ಇಲ್ಲ. ಸಣ್ಣ ಕೊಂಬೆ, ಕಡಿದ ಬುಡ, ಏನು ಸಿಕ್ಕರೂ ಸುಧಾರಿಸಿಕೊಳ್ಳುವವು ಹಾಯಾಗಿ ಉಳಿದವು. ತೊಂದರೆಗೆ ಸಿಕ್ಕಿದ್ದು ಫ್ಲೀಬಿಯಾ ಸೆಂಟ್ರಿಫ್ಯೂಗಾದಂಥ ಮಡಿವಂತರು. ಅದಕ್ಕೆ ನೆರಳು ಬೇಕು, ನೆಲಕ್ಕೆ ಬಿದ್ದ ದಪ್ಪ ಸ್ಪ್ರೂಸ್ ದಿಮ್ಮಿಯೇ ಬೇಕು. ಒಂದು ದಿಮ್ಮಿ ತೀರುವ ಹೊತ್ತಿಗೆ ಹತ್ತಿರದಲ್ಲೇ ಇನ್ನೊಂದು ಬಿದ್ದಿರಬೇಕು. ಆ ಸರಪಳಿ ನಡುವೆ ಕಡಿದರೆ ವಂಶ ಅಲ್ಲಿಗೆ ಮುಗಿಯಿತು. ಆಮೇಲೆ ನೀವು ಎಷ್ಟು ಸಸಿ ನೆಟ್ಟರೂ ಅದಕ್ಕೆ ಸಂಬಂಧವಿಲ್ಲ, ಸಸಿ ದಪ್ಪ ದಿಮ್ಮಿಯಾಗಲು ನೂರು ವರ್ಷ ಬೇಕು.

ಸ್ವೀಡನ್ 1993ರಲ್ಲಿ ಅರಣ್ಯ ಕಾನೂನನ್ನೇ ತಿದ್ದಿ, ನಾಟಾ ಎಷ್ಟು ಮುಖ್ಯವೋ ಪರಿಸರವೂ ಅಷ್ಟೇ ಮುಖ್ಯ ಎಂದಿತು. ಅಂದಿನಿಂದ ಕಡಿಯುವ ಯಂತ್ರದವನು ಕೆಲವು ಮರಗಳನ್ನು ಬುಡಕ್ಕೆ ಕಡಿಯದೆ, ಮೂರು ನಾಲ್ಕು ಮೀಟರ್ ಎತ್ತರದಲ್ಲಿ ತುಂಡರಿಸಿ ಮೋಟು ಕಂಬಗಳಂತೆ ಬಿಟ್ಟು ಹೋಗುವುದು ರೂಢಿಯಾಯಿತು. ನೋಡಲು ವಿಕಾರ. ಜೀರುಂಡೆಗಳಿಗೆ, ಅಣಬೆಗಳಿಗೆ ಮಾತ್ರ ಅದೇ ಅರಮನೆ. ಎಲ್ಲಕ್ಕೂ ಅಲ್ಲ, ನಮ್ಮ ಮಡಿವಂತ ಫ್ಲೀಬಿಯಾ ಬಿಸಿಲಲ್ಲಿ ನಿಂತ ಮೋಟಿಗೆ ಬರುವುದಿಲ್ಲ. ತಪ್ಪನ್ನು ಅರ್ಧ ತಿದ್ದಿದರೆ ಫಲವೂ ಅರ್ಧ.

ಇದರ ಇನ್ನೊಂದು ಮುಖ ಇಂಗ್ಲೆಂಡಿನದು. ಈ ಕಥೆ ನನಗೆ ಪತ್ತೇದಾರಿ ಕಾದಂಬರಿಯಷ್ಟೇ ಇಷ್ಟ. ಪೂರ್ವ ಇಂಗ್ಲೆಂಡಿನ ಪೈನ್ ನೆಡುತೋಪುಗಳಲ್ಲಿ ಮರಗಳು ಗುಂಪುಗುಂಪಾಗಿ ಸಾಯತೊಡಗಿದವು. ಕೇಂಬ್ರಿಜ್‌ನ ಜಾನ್ ರಿಶ್‌ಬೆತ್ ಬೇರುಗಳ ಜಾಡು ಹಿಡಿದು ಹೋದರು. ದಟ್ಟಣೆ ಕಡಿಮೆ ಮಾಡಲು ನಡುನಡುವೆ ಮರ ಕಡಿದಿದ್ದರಲ್ಲ, ಆ ಹಸಿ ಬುಡಗಳೇ ಬಾಗಿಲು. ಗಾಳಿಯಲ್ಲಿ ತೇಲಿಬಂದ ಹೆಟೆರೋಬೆಸಿಡಿಯನ್ ಎಂಬ ಅಣಬೆಯ ಬೀಜಕಣ ಹೊಸದಾಗಿ ಕೊಯ್ದ ಬುಡದ ಮೇಲೆ ಕೂತು, ಬೇರಿಗಿಳಿದು, ಬೇರಿಗೆ ಬೇರು ತಾಗಿದ ಕಡೆ ಪಕ್ಕದ ಜೀವಂತ ಮರಕ್ಕೆ ದಾಟುತ್ತಿತ್ತು. ತೋಪಿನ ಆರೋಗ್ಯಕ್ಕೆಂದು ಮಾಡಿದ ಕೆಲಸವೇ ರೋಗಕ್ಕೆ ಹಾದಿ ಮಾಡಿಕೊಟ್ಟಿತ್ತು.

ರಿಶ್‌ಬೆತ್ ಹುಡುಕಿದ ಮದ್ದು ನಮ್ಮ ಗಾದೆಯದು, ಮುಳ್ಳನ್ನು ಮುಳ್ಳಿನಿಂದಲೇ ತೆಗೆ. ಫ್ಲೀಬಿಯಾಪ್ಸಿಸ್ ಎಂಬ ಇನ್ನೊಂದು ಅಣಬೆಯಿದೆ. ಅದು ಸತ್ತ ಕಟ್ಟಿಗೆಯನ್ನು ಬಹಳ ಚುರುಕಾಗಿ ತಿನ್ನುತ್ತದೆ, ಜೀವಂತ ಮರದ ತಂಟೆಗೆ ಹೋಗುವುದಿಲ್ಲ. ಮರ ಕಡಿದ ಗಳಿಗೆಯಲ್ಲೇ ಅದರ ಬೀಜಕಣ ಬೆರೆಸಿದ ನೀರನ್ನು ಬುಡಕ್ಕೆ ಬಳಿದುಬಿಟ್ಟರೆ, ಬಸ್ಸಿನ ಸೀಟಿಗೆ ಮೊದಲು ಟವಲು ಹಾಕಿದವನ ಹಾಗೆ ಅದೇ ಜಾಗ ಹಿಡಿಯುತ್ತದೆ. ಹೆಟೆರೋಬೆಸಿಡಿಯನ್ ಬಂದಾಗ ಸೀಟಿಲ್ಲ. 1963ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇವತ್ತಿಗೂ ಯುರೋಪಿನಲ್ಲಿ ಕಡಿಯುವ ಯಂತ್ರಗಳೇ ಆ ದ್ರಾವಣವನ್ನು ಬುಡದ ಮೇಲೆ ಸಿಂಪಡಿಸಿಕೊಂಡು ಹೋಗುತ್ತವೆ. ಅಣಬೆ ಶತ್ರುವೋ ಮಿತ್ರನೋ ಎಂಬುದು ಆ ಅಣಬೆ ಯಾವುದು, ಯಾವ ಮರದ ಮೇಲೆ, ಯಾವ ಹೊತ್ತಿನಲ್ಲಿ ಬಂತು ಎಂಬುದರ ಮೇಲಿದೆ. ಇದನ್ನು ತಿಳಿಯದೆ ಎಲ್ಲವನ್ನೂ ಬೂಷ್ಟು ಎಂದು ಗುಡಿಸುವವರು ಎಷ್ಟು ದಡ್ಡರೋ, ಎಲ್ಲವನ್ನೂ ಪ್ರಕೃತಿಮಾತೆ ಎಂದು ಕೈಮುಗಿಯುವವರೂ ಅಷ್ಟೇ ದಡ್ಡರು.

ನಮ್ಮ ನಾಡಿನಲ್ಲಿ ಅಣಬೆಯ ಪರಿಚಯ ಶುರುವಾದದ್ದೇ ಜಗಳದಿಂದ. ಮೈಸೂರು ಸಂಸ್ಥಾನ 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್‌ರನ್ನು ಕರೆಸಿಕೊಂಡದ್ದು ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ರೂಢಿಗೆ ತಂದವರು ಅವರು. ನಮ್ಮ ತೋಟದ ಮಾತು ‘ಕೊಳೆರೋಗ’ ಹಾಗೇ ಇಂಗ್ಲಿಷ್ ವಿಜ್ಞಾನ ಪತ್ರಿಕೆಗಳನ್ನು ಹೊಕ್ಕಿತು. ಅದನ್ನು ತರುವ ಜೀವಿ ಇವತ್ತಿನ ವರ್ಗೀಕರಣದಲ್ಲಿ ಶಿಲೀಂಧ್ರವೇ ಅಲ್ಲ, ಅದು ಬೇರೆ ಮಾತು. ತೆಂಗು, ಅಡಿಕೆಯ ಬುಡಕ್ಕೆ ಗ್ಯಾನೋಡರ್ಮ ಬಂದರೆ ಅದಕ್ಕೆ ಅಣಬೆರೋಗ ಎಂದೇ ಹೆಸರು. ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದದ್ದು. ಕಟ್ಟಿಗೆ ಕೊಳೆಯದಂತೆ ಕಾಯುವುದು ಅಲ್ಲಿಯ ದೊಡ್ಡ ಕೆಲಸಗಳಲ್ಲೊಂದು. ಮರದ ಗೂಟಗಳನ್ನು ಸಾಲಾಗಿ ಅರ್ಧ ಹೂತು, ಯಾವುದು ಎಷ್ಟು ವರ್ಷ ತಾಳುತ್ತದೆಂದು ನೋಡುವ ಪರೀಕ್ಷೆಗೆ ಈ ವಲಯದವರು ‘ಗ್ರೇವ್‌ಯಾರ್ಡ್ ಟೆಸ್ಟ್’ ಎನ್ನುತ್ತಾರೆ. ಸ್ಮಶಾನದ ಹೆಸರು.

ಇಲ್ಲೇ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿಗೆ ಹೋಗಿ. ಪೈನ್ ಹಲಗೆಯಲ್ಲಿ ನೀಲಿ ಮಸಿ ಚೆಲ್ಲಿದಂತೆ ಗೆರೆಗಳು ಕಂಡರೆ ಅದು ಮಸಿಯಲ್ಲ, ನೀಲಿಕಲೆಯ ಶಿಲೀಂಧ್ರ. ಅದು ಕಟ್ಟಿಗೆಯ ಸರಳನ್ನಾಗಲಿ ಸಿಮೆಂಟನ್ನಾಗಲಿ ಮುಟ್ಟುವುದಿಲ್ಲ, ಒಳಗಿನ ಸಿಹಿಯನ್ನು ಮಾತ್ರ ಹೀರುತ್ತದೆ. ಹಲಗೆ ಗಟ್ಟಿಯೇ ಇರುತ್ತದೆ, ಬಣ್ಣ ಹೋಯಿತೆಂದು ಬೆಲೆ ಇಳಿಯುತ್ತದೆ. ಪೀಣ್ಯದ ಕಾರ್ಖಾನೆಗಳ ಹೊರಗೆ ಪೇರಿಸಿಟ್ಟ ಪೈನ್ ಪ್ಯಾಲೆಟ್ಟುಗಳ ಮೇಲೆ ತೆನೆಯ ಗುರುತಿನ ಪಕ್ಕ ‘ಎಚ್‌ಟಿ’ ಎಂಬ ಮುದ್ರೆ ಹುಡುಕಿ. ಕಟ್ಟಿಗೆಯ ಒಳತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿದೆ ಎಂದು ಅದರರ್ಥ. ಒಂದು ದೇಶದ ಮರದ ಹುಳು ಇನ್ನೊಂದು ದೇಶದ ಕಾಡಿಗೆ ಇಳಿಯಬಾರದೆಂದು ಮಾಡಿದ ಅಂತರರಾಷ್ಟ್ರೀಯ ನಿಯಮ. ಶಂಕುಮರದ ಕಾಡಿಲ್ಲದ ಊರಿಗೂ ಶಂಕುಮರದ ಲೋಕ ಲಾರಿ ಹತ್ತಿ ಬರುತ್ತದೆ.

ಮರಮುಟ್ಟಿನ ಅಂಗಡಿಯಲ್ಲಿ, ಅಡಿಕೆ ತೋಟದಲ್ಲಿ ಈ ಜಗಳ ನ್ಯಾಯವೇ. ನನ್ನ ತಕರಾರು ಇಷ್ಟೇ. ಅಲ್ಲಿಯ ಕಣ್ಣನ್ನು ನಾವು ಕಾಡಿಗೂ ತಂದೆವು. ಒಣಗಿ ಬಿದ್ದ ಮರ ಕಂಡರೆ ಅದಕ್ಕೆ ಸಂಖ್ಯೆ ಬರೆದು ನಾಟಾ ಡಿಪೋಗೆ ಸಾಗಿಸಿ ಹರಾಜು ಹಾಕುವುದು ಬಹುಕಾಲದ ಪದ್ಧತಿ. ಬಿಟ್ಟರೆ ನಷ್ಟ ಎಂಬ ಲೆಕ್ಕ. ಇದಕ್ಕೆ ದೊಡ್ಡದೊಂದು ತಡೆ ಬಿದ್ದದ್ದು 2000ದ ಫೆಬ್ರುವರಿ 14ರಂದು. ಪ್ರೇಮಿಗಳ ದಿನ, ದಿನಾಂಕ ಮರೆಯುವುದಿಲ್ಲ ನೀವು. ಗೋದಾವರ್ಮನ್ ಎಂಬ ಅರಣ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಗಳಿಂದ ಸತ್ತ, ಸಾಯುತ್ತಿರುವ, ರೋಗ ಹಿಡಿದ, ಗಾಳಿಗೆ ಬಿದ್ದ ಮರಗಳನ್ನೂ ತೇಲಿಬಂದ ಕಟ್ಟಿಗೆಯನ್ನೂ ಹುಲ್ಲನ್ನೂ ತೆಗೆಯಕೂಡದೆಂದಿತು. ಅಂದಿನಿಂದ ಬಂಡೀಪುರ, ನಾಗರಹೊಳೆಗಳಲ್ಲಿ ಬಿದ್ದ ಮರಕ್ಕೆ ಬಿದ್ದಲ್ಲೇ ಇರುವ ಹಕ್ಕು. ಕಾಲು ಶತಮಾನದ ಈ ಪ್ರಯೋಗ ನಮ್ಮ ಮನೆಯಂಗಳದಲ್ಲೇ ನಡೆದಿದೆ. ಮರ ಎತ್ತದ ಕಾಡಿನಲ್ಲಿ, ಅದರ ಗಡಿಯಾಚೆ ಎತ್ತುವ ತೋಪಿನಲ್ಲಿ, ಎಷ್ಟು ಬಗೆ ಅಣಬೆ? ನಾಗರಹೊಳೆಯ ಹಳೆಯ ತೇಗದ ನೆಡುತೋಪಿನಲ್ಲಿ ಎಷ್ಟು, ಪಕ್ಕದ ಸಹಜ ಕಾಡಿನಲ್ಲಿ ಎಷ್ಟು? ಫಿನ್ಲೆಂಡಿನವರು ಸ್ಪ್ರೂಸಿಗೆ ಕೇಳಿದ ಪ್ರಶ್ನೆಯನ್ನು ಮತ್ತಿ, ಬೀಟೆ, ಹೊನ್ನೆಗಳಿಗೆ ಕೇಳುವವರು ಬೇಕಾಗಿದ್ದಾರೆ. ಪಿಎಚ್‌ಡಿಗೆ ವಿಷಯವಿಲ್ಲ ಎಂದು ನೀವು ಕ್ಯಾಂಟೀನಿನಲ್ಲಿ ಗೊಣಗುವುದನ್ನು ನಾನು ಕೇಳಿದ್ದೇನೆ.

ಜ್ಞಾನಭಾರತಿ ಅಭಯಾರಣ್ಯವಲ್ಲ, ಆ ಆದೇಶ ಇಲ್ಲಿಗೆ ಅನ್ವಯಿಸದು. ಒಂದು ಮಗ್ಗುಲಿಗೆ ಮೈಸೂರು ರಸ್ತೆ, ಮೆಟ್ರೋ, ವಾಸನೆಯಿಂದಲೇ ಗುರುತು ಸಿಗುವ ವೃಷಭಾವತಿ. ಇನ್ನೊಂದು ಮಗ್ಗುಲಿಗೆ ನಾಗರಬಾವಿ, ಮಲ್ಲತ್ತಹಳ್ಳಿ. ನಡುವೆ ಜೈವಿಕ ಉದ್ಯಾನವೂ ಕುರುಚಲೂ ಕೂಡಿದ ಈ ಹಸಿರು. ಬೆಂಗಳೂರಿನ ಸುತ್ತಲ ಹಸಿರಿನ ಚರಿತ್ರೆ ಬಹುಪಾಲು ನೀಲಗಿರಿ, ಅಕೇಶಿಯಾಗಳದು. ನಂದಿಬೆಟ್ಟದ ಬೀಜದಿಂದ ಹಬ್ಬಿದ ‘ಮೈಸೂರು ಗಮ್’ ಕೋಲಾರದ ತನಕ ನೆಲ ಹಿಡಿಯಿತು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ನೀಲಗಿರಿಯ ಮೇಲಿನ ದೂರೆಲ್ಲ ಅಂತರ್ಜಲದ್ದು. ನಾನು ಇನ್ನೊಂದು ದೂರು ಸೇರಿಸುತ್ತೇನೆ. ಏಳೆಂಟು ವರ್ಷಕ್ಕೊಮ್ಮೆ ಕಡಿದು ಚಿಗುರಿಸುವ ತೋಪಿನಲ್ಲಿ ಮರ ಮುದಿಯಾಗುವುದೇ ಇಲ್ಲ, ದಪ್ಪ ದಿಮ್ಮಿ ಬೀಳುವುದೇ ಇಲ್ಲ. ಅಲ್ಲಿ ಹುಟ್ಟಿದೆ, ಸಾವಿಲ್ಲ. ಸಾವಿಲ್ಲದ ಕಡೆ ಕಾಡೂ ಇಲ್ಲ.

ಊರಿನ ಇನ್ನೊಂದು ತೋಪಿನಲ್ಲಿ, ಹೆಸರು ಬೇಡ, ನಾನು ನಾಲ್ಕು ಮಳೆಗಾಲ ನೋಡಿಕೊಂಡು ಬಂದಿದ್ದ ಬೇವಿನ ದಿಮ್ಮಿಯೊಂದಿತ್ತು. ಐದನೆಯ ವರ್ಷ ಹೋದಾಗ ಅದಿದ್ದ ಜಾಗ ಬೋಳು. ವಿಚಾರಿಸಿದರೆ ಪರಿಸರ ದಿನಕ್ಕೆ ಅತಿಥಿಗಳು ಬರುವವರಿದ್ದರಂತೆ, ಚೊಕ್ಕಟ ಮಾಡಿದರಂತೆ. ದಿಮ್ಮಿಯಿದ್ದಲ್ಲಿ ಒಂದು ಗುಂಡಿ, ಅದರಲ್ಲೊಂದು ಸಸಿ, ಪಕ್ಕದಲ್ಲಿ ನೆಟ್ಟವರ ಹೆಸರಿನ ಫಲಕ. ಫಲಕ ಈಗಲೂ ಇದೆ.

ಹುಡುಗರೇ, ಹುಡುಗಿಯರೇ, ನಿಮ್ಮ ತಲೆಮಾರಿಗೆ ಸಸಿ ನೆಡುವುದನ್ನು ಬೇಕಾದಷ್ಟು ಹೇಳಿಕೊಟ್ಟಿದ್ದಾರೆ. 1950ರಲ್ಲಿ ಕೆ.ಎಂ. ಮುನ್ಶಿ ವನಮಹೋತ್ಸವ ಆರಂಭಿಸಿದಾಗಿನಿಂದ ನಾವು ನೆಡುತ್ತಲೇ ಇದ್ದೇವೆ, ಫೋಟೋ ತೆಗೆಸಿಕೊಳ್ಳುತ್ತಲೇ ಇದ್ದೇವೆ. ನೆಡಿ, ಬೇಡವೆನ್ನುವುದಿಲ್ಲ. ಆದರೆ ಕಾಡಿನ ಅರ್ಧ ಸಂಸಾರ ನಡೆಯುವುದು ಮರ ಬಿದ್ದ ಮೇಲೆ. ಆ ಅರ್ಧಕ್ಕೆ ಫಲಕವಿಲ್ಲ, ಅತಿಥಿಗಳಿಲ್ಲ. ಆ ಅರ್ಧದ ಪಕ್ಷ ವಹಿಸುವವರು ನೀವಾಗಬೇಕು. ತುರಹಳ್ಳಿಯ ಕಾಡನ್ನು ಉದ್ಯಾನ ಮಾಡುತ್ತೇವೆಂದಾಗ 2021ರ ಫೆಬ್ರುವರಿಯಲ್ಲಿ ‘ಕಾಡು ಕಾಡಾಗಿರಲಿ’ ಎಂದು ಬೀದಿಗಿಳಿದವರಲ್ಲಿ ನಿಮ್ಮ ಅಕ್ಕ ಅಣ್ಣಂದಿರಿದ್ದರು. ಕಾಡು ಕಾಡಾಗಿರಬೇಕಾದರೆ ಅದಕ್ಕೆ ಕೊಳೆಯಲೂ ಬಿಡಬೇಕು.

ಎದುರುವಾದ ಬರುತ್ತದೆ, ಬರಲಿ. ‘ಗೆದ್ದಲು ಹಿಡಿಯುತ್ತೆ’ ಎನ್ನುತ್ತಾರೆ. ಹಿಡಿಯಲಿ, ಅದರ ಕೆಲಸ ಅದು. ಆರು ಖಂಡಗಳ 55 ಕಾಡುಗಳಲ್ಲಿ ಕಟ್ಟಿಗೆ ಇಟ್ಟು ನೋಡಿದ ಅಧ್ಯಯನವೊಂದು 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಸತ್ತ ಮರದಿಂದ ಹೊರಬೀಳುವ ಇಂಗಾಲದಲ್ಲಿ ಶೇ. 29ರಷ್ಟು ಗೆದ್ದಲು, ಜೀರುಂಡೆಗಳಂಥ ಕೀಟಗಳ ಪಾಲು ಎಂದಿತು. ಉಳಿದ ದೊಡ್ಡ ಪಾಲಿನಲ್ಲಿ ಅಣಬೆಗಳೇ ಯಜಮಾನರು. ‘ಬೆಂಕಿ ಬಿದ್ದರೆ?’ ಒಣಹುಲ್ಲು ಹೊತ್ತಿಕೊಂಡಷ್ಟು ಸುಲಭವಾಗಿ ಅಣಬೆ ತಿಂದ ಒದ್ದೆ ದಿಮ್ಮಿ ಹೊತ್ತಿಕೊಳ್ಳುವುದಿಲ್ಲ. ಅದು ಮಳೆನೀರನ್ನು ಹೀರಿಟ್ಟುಕೊಂಡ ಸ್ಪಂಜು. ಹಾಗೆಂದು ಬೇಸಿಗೆಯಲ್ಲಿ ಬೆಂಕಿಗೆರೆ ಸವರುವುದನ್ನು ಬಿಡಬಾರದು. ‘ಹಾವು ಸೇರುತ್ತೆ.’ ಸೇರುತ್ತದೆ, ನಿಜ. ಬರಿಗೈ ಹಾಕಬೇಡಿ.

ಒಂದು ವಾದಕ್ಕೆ ಮಾತ್ರ ನಾನು ತಲೆಬಾಗುತ್ತೇನೆ. ಬೀದಿಬದಿಯ ನಿಂತ ಮರದ ಬುಡದಲ್ಲಿ ಮೆರುಗೆಣ್ಣೆ ಹಚ್ಚಿದಂಥ ಗ್ಯಾನೋಡರ್ಮದ ತಟ್ಟೆ ಕಂಡರೆ ಅದನ್ನು ಸುಮ್ಮನೆ ಬಿಡಬಾರದು. ಬುಡದ ಸುತ್ತ ಕಾಂಕ್ರೀಟು ಬಿಗಿದು, ಕೇಬಲ್ಲಿಗೆಂದು ಬೇರು ಕಡಿದ ಮೇಲೆ ಬರುವ ಅತಿಥಿ ಅದು. ಭರಣಿ ಮಳೆಯ ಗಾಳಿಗೆ ಆ ಮರ ಆಟೋ ಮೇಲೋ ಸ್ಕೂಟರಿನ ಮೇಲೋ ಬೀಳುತ್ತದೆ. ಕಂಡ ತಕ್ಷಣ ಪಾಲಿಕೆಗೆ ತಿಳಿಸಿ. ಪಾಠಶಾಲೆಯ ಬಾಗಿಲಲ್ಲಿ ನಿಂತ ಮರ ಬೇರೆ, ಕಾಡಿನೊಳಗೆ ಬಿದ್ದ ದಿಮ್ಮಿ ಬೇರೆ. ಸುತ್ತಲ ಬಡಾವಣೆಗಳಿಂದ ಪುರಳೆ ಆಯಲು ಬರುವ ಹೆಂಗಸರನ್ನು ಗದರಿಸುವ ಪರಿಸರಪ್ರೇಮವೂ ನನಗೆ ಬೇಡ. ಅವರು ಒಯ್ಯುವುದು ಒಲೆಗೆ ಹಿಡಿಸುವಷ್ಟು ಕಡ್ಡಿ. ದಪ್ಪ ದಿಮ್ಮಿಯನ್ನು ಒಯ್ಯುವುದು ಟ್ರ್ಯಾಕ್ಟರು.

ಈಗ ಕೆಲಸ. ಒಂದು ದಿಮ್ಮಿಯನ್ನು ದತ್ತು ತೆಗೆದುಕೊಳ್ಳಿ. ಆವರಣದೊಳಗೆ ಇಂಥ ದಾಖಲಾತಿ ಮಾಡಲು ವಿಶ್ವವಿದ್ಯಾಲಯದ ಒಪ್ಪಿಗೆ ಕೇಳಿ, ನಿಮ್ಮ ಸಸ್ಯಶಾಸ್ತ್ರದ ಮೇಷ್ಟರನ್ನೋ ಮೇಡಮ್ಮನ್ನೋ ಜೊತೆಗೆ ಸೇರಿಸಿಕೊಳ್ಳಿ. ದಿಮ್ಮಿಯ ಉದ್ದ, ಸುತ್ತಳತೆ ಬರೆಯಿರಿ. ಯಾವ ಮರ, ತೊಗಟೆ ಉಳಿದಿದೆಯೇ, ಎಷ್ಟು ಭಾಗ ನೆಲಕ್ಕೆ ತಾಗಿದೆ, ಬಿಸಿಲೋ ನೆರಳೋ ಎಂಬುದನ್ನೂ ಬರೆಯಿರಿ. ಸಣ್ಣ ಚಾಕುವಿನ ಮೊನೆಯನ್ನು ಒತ್ತಿ ಅದು ಎಷ್ಟು ಇಳಿಯಿತೆಂದು ಅಳೆಯಿರಿ, ಕೊಳೆತದ ಮಟ್ಟ ತಿಳಿಯಲು ಫಿನ್ಲೆಂಡಿನ ಸಂಶೋಧಕರು ಮಾಡುವುದೂ ಇದನ್ನೇ. ಅಣಬೆಯ ಮೇಲ್ಭಾಗದ ಫೋಟೋ ಎಲ್ಲರೂ ತೆಗೆಯುತ್ತಾರೆ, ನೀವು ಅಡಿಭಾಗದ್ದೂ ತೆಗೆಯಿರಿ. ರಂಧ್ರವೋ ಪದರವೋ ನುಣುಪೋ ಎಂಬುದರಿಂದಲೇ ಜಾತಿ ಪತ್ತೆ ಶುರು. ಒಂದು ಚೂರನ್ನು ರಾತ್ರಿಯಿಡೀ ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಮಗುಚಿಟ್ಟರೆ ಬೆಳಿಗ್ಗೆ ಬೀಜಕಣಗಳು ರಂಗೋಲಿ ಬಿಟ್ಟಿರುತ್ತವೆ. ಐನ್ಯಾಚುರಲಿಸ್ಟಿಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲಿಗೋ ಹಾಕಿ. ಹೆಸರು ಗೊತ್ತಾಗದಿದ್ದರೂ ಹಾಕಿ. ಬಿ.ಕೆ. ಬಕ್ಷಿಯವರು ಡೆಹ್ರಾಡೂನಿನಲ್ಲಿ ಕೂತು ಭಾರತದ ಮರಗಳ ಮೇಲಿನ ರಂಧ್ರದ ಅಣಬೆಗಳ ಗ್ರಂಥವನ್ನು 1971ರಲ್ಲಿ ಹೊರತಂದಾಗ ಅವರ ಜೇಬಿನಲ್ಲಿ ಕ್ಯಾಮೆರಾ ಇರುವ ಫೋನಿರಲಿಲ್ಲ. ನಿಮ್ಮದರಲ್ಲಿದೆ. ಯಾವುದನ್ನೂ ಬಾಯಿಗೆ ಹಾಕಬೇಡಿ, ಮಲೆನಾಡಿನ ಅಜ್ಜಿ ಪಕ್ಕದಲ್ಲಿದ್ದು ಹೆಗ್ಗಾಲಣಬೆ ಅಂತ ಖಾತ್ರಿ ಹೇಳಿದರೆ ಮಾತ್ರ ಬೇರೆ ಮಾತು.

ಜೂನಿಗೊಮ್ಮೆ, ಸೆಪ್ಟೆಂಬರಿಗೊಮ್ಮೆ, ಹಿಂಗಾರು ಮುಗಿದ ಮೇಲೊಮ್ಮೆ ಹೋಗಿ. ಮೂರು ವರ್ಷ ಬಿಡದೆ ಹೋಗಿ. ಮೊದಲ ವರ್ಷ ಬಂದ ಅಣಬೆ ಮೂರನೆಯ ವರ್ಷ ಇರುವುದಿಲ್ಲ, ಅದು ಮೆತ್ತಗೆ ಮಾಡಿಕೊಟ್ಟ ಮನೆಗೆ ಇನ್ನೊಂದು ಬಂದಿರುತ್ತದೆ. ಕುಟ್ರುಹಕ್ಕಿ ಒಣಗಿದ ಕೊಂಬೆಯಲ್ಲಿ ಗೂಡು ಕೊರೆಯುವಾಗ ಆ ಕಟ್ಟಿಗೆಯನ್ನು ಅದರ ಕೊಕ್ಕಿಗೆ ಹದ ಮಾಡಿಟ್ಟವರು ಯಾರೆಂದು ನಿಮಗೆ ಆಗ ತಿಳಿದಿರುತ್ತದೆ. ಹತ್ತು ದಿಮ್ಮಿ, ಹತ್ತು ತಂಡ, ಮೂರು ವರ್ಷ ಎಂದರೆ ಅದೊಂದು ದಾಖಲೆ. ಆ ದಾಖಲೆ ಹಿಡಿದು ಆಡಳಿತದವರ ಬಳಿಗೆ ಹೋಗಿ, ಈ ಮೂಲೆಯಲ್ಲಿ ಬಿದ್ದದ್ದನ್ನು ಎತ್ತಬೇಡಿ ಎಂದು ಲಿಖಿತವಾಗಿ ಕೇಳಿ. ಘೋಷಣೆ ಕೂಗಿದವರನ್ನು ಕಳಿಸಿಬಿಡಬಹುದು, ಮೂರು ವರ್ಷದ ಅಂಕಿಅಂಶ ತಂದವರನ್ನು ಕೂರಿಸಿ ಮಾತಾಡಿಸಲೇಬೇಕು.

‘ಮತ್ತೆ?’ ಎಂದ ಆ ಹುಡುಗ ಇದನ್ನು ಓದುತ್ತಿದ್ದರೆ, ನನ್ನ ದಿಮ್ಮಿ ಇನ್ನೂ ಅಲ್ಲೇ ಇದೆ. ಕೆಂಪು ಬಿಲ್ಲೆ ಈ ವರ್ಷ ಕಡಿಮೆ, ತಳದ ಕಿವಿಯಣಬೆ ಜಾಸ್ತಿ. ಕಾರಣ ನನಗೂ ಕುತೂಹಲ. ಮಳೆ ನಿಂತ ಮೊದಲ ಭಾನುವಾರ ಬೆಳಿಗ್ಗೆ ಏಳಕ್ಕೆ ಜ್ಞಾನಭಾರತಿ ಮೆಟ್ರೋ ನಿಲ್ದಾಣದಲ್ಲಿ ಇಳಿದು ಒಳಗೆ ಬಾ. ಅಳತೆ ಟೇಪು ನನ್ನ ಹತ್ತಿರ ಇದೆ, ಚಾಕು ಮತ್ತು ನೋಟ್‌ಬುಕ್ಕು ನೀನು ತಾ. ಬರುವಾಗ ಇಬ್ಬರು ಗೆಳೆಯರನ್ನೂ ಕರೆದುಕೊಂಡು ಬಾ.